ಬ್ಯಾಂಕಾಕ್‌ನಿಂದ ಹೊರಟ ಬೆಕ್ಕು

ನನ್ನ ಮಡಿಲಲ್ಲಿರುವ ಸಯಾಮೀಸ್ ಬೆಕ್ಕಿಗೆ ಆರು ವರ್ಷ. ಅದರ ಎಡೆಬಿಡದ ಕೂಗು ತಾಳಲಾರದೆ ಹಿಂದಿನ ಮನೆಯವರು ಬಿಟ್ಟುಕೊಟ್ಟರು. ಅದನ್ನು ನೇವರಿಸುವಾಗ ನನಗೆ 'ಸಯಾಮ್' ನೆನಪಾಗುತ್ತದೆ. 1878ರಲ್ಲಿ ಬ್ಯಾಂಕಾಕ್‌ನ ಅಮೆರಿಕನ್ ಕಾನ್ಸುಲ್ ಡೇವಿಡ್ ಸಿಕಲ್ಸ್, ಅಧ್ಯಕ್ಷ ಹೇಸ್ ಅವರ ಪತ್ನಿ ಲೂಸಿಗೆ ಉಡುಗೊರೆಯಾಗಿ ಕಳಿಸಿದ ಹೆಣ್ಣುಬೆಕ್ಕು ಅದು. ಹಾಂಗ್‌ಕಾಂಗ್, ಸ್ಯಾನ್ ಫ್ರಾನ್ಸಿಸ್ಕೊ ದಾಟಿ ಶ್ವೇತಭವನ ಸೇರಿತು. ಎಲ್ಲರೂ ಮುದ್ದಿಸಿದರು. ಆದರೂ 1879ರ ಶರತ್ಕಾಲದಲ್ಲಿ ಕಾಯಿಲೆ ಬಿದ್ದು, ಔಷಧಿ ಆರೈಕೆಗೂ ಉಳಿಯದೆ ಹೋಯಿತು. ಬೇಡಿದವರಿಲ್ಲದೆ ಅಷ್ಟು ದೂರ ಸಾಗಿಸಿದ ಆ ಜೀವಕ್ಕಾಗಿ ನನಗೆ ಇಂದಿಗೂ ಮರುಕ.

1884ರಲ್ಲಿ ಬ್ರಿಟಿಷ್ ಕಾನ್ಸುಲ್ ಗೌಲ್ಡ್ 'ಫೋ', 'ಮಿಯಾ' ಎಂಬ ಜೋಡಿಯನ್ನು ಇಂಗ್ಲೆಂಡಿಗೆ ತಂದ; 1901ರಲ್ಲಿ ಅಲ್ಲಿ ಸಯಾಮೀಸ್ ಬೆಕ್ಕುಗಳ ಸಂಘವೇ ಹುಟ್ಟಿತು. ಮೆಳ್ಳಗಣ್ಣು, ಗಂಟುಬಾಲ ಆಗ ಸಾಮಾನ್ಯ. ಸಾಕಣೆದಾರರು ಕ್ರಮೇಣ ಅವನ್ನು ದೋಷವೆಂದು ಕಳೆದರು. ಮುಂದೆ ಮುಖವನ್ನೂ ಮೈಯನ್ನೂ ಸಪೂರವಾಗಿಸಿದರು. ಥಾಯ್ಲೆಂಡಿನ ಹಳೆಯ ಬೆಕ್ಕು ಹಸ್ತಪ್ರತಿಗಳ 'ವಿಚಿಯನ್‌ಮಾತ್' ಎಂಬ ಇದೇ ತಳಿಯ ಬೆಕ್ಕು ಇಷ್ಟು ಬಡಕಲಲ್ಲ.

ನನ್ನದನ್ನು ತರುವ ಮುನ್ನ ಮೂರು ಭಾನುವಾರ ಹೋಗಿ ಅದರ ಬಳಿ ಕೂತಿದ್ದೆ. ಮೂರನೆಯ ಸಲ ಅದಾಗಿಯೇ ಬಂದು ನನ್ನ ಅಂಗೈ ಮೂಸಿತು.