ಮೂರು ಎಕರೆಯ ಋಣ

1816ರಲ್ಲಿ ಜಾನ್ ಸ್ಟೀವರ್ಟ್ ಎಂಬ ಕಪ್ಪುವರ್ಣದ, ಮೆಥಡಿಸ್ಟ್ ಎಂಬ ಕ್ರೈಸ್ತ ಪಂಥದ ಬೋಧಕ ಅಮೆರಿಕದ ಒಹಾಯೊದ ಅಪ್ಪರ್ ಸ್ಯಾಂಡಸ್ಕಿಗೆ ಬಂದ. ಅದು ವಾಯಂಡಾಟ್ ಬುಡಕಟ್ಟಿನ ಊರು. ಅವನನ್ನು ಕಳಿಸಿದ ಸಂಸ್ಥೆ ಯಾವುದೂ ಇರಲಿಲ್ಲ. ಅಲ್ಲಿನ ಜನರ ಮಾತೂ ಅವನಿಗೆ ಬರುತ್ತಿರಲಿಲ್ಲ. ಹುಡುಗನಾಗಿದ್ದಾಗಲೇ ವಾಯಂಡಾಟರಿಗೆ ಸೆರೆಸಿಕ್ಕು ಅವರ ನಡುವೆಯೇ ಬೆಳೆದ ಜೊನಾಥನ್ ಪಾಯಿಂಟರ್ ಎಂಬ ಇನ್ನೊಬ್ಬ ಕಪ್ಪು ಮನುಷ್ಯ ಅವನಿಗೆ ದುಭಾಷಿಯಾದ. ಮುಖಂಡರಲ್ಲಿ ಕೆಲವರು ಹೊಸ ಧರ್ಮ ಸ್ವೀಕರಿಸಿದರು, ಹಿರಿಯರ ನಂಬಿಕೆಯನ್ನು ಬಿಡಲೊಲ್ಲದವರೂ ಇದ್ದರು. ಅಮೆರಿಕದ ಮೆಥಡಿಸ್ಟರು ತಮ್ಮ ಮಿಷನ್ ಚರಿತ್ರೆಯನ್ನು ಎಣಿಸುವುದು ಇಲ್ಲಿಂದಲೇ.

1824ರಲ್ಲಿ ಅಲ್ಲೊಂದು ಸುಣ್ಣಕಲ್ಲಿನ ಚರ್ಚು ಎದ್ದಿತು. ಅದಕ್ಕೆ ಹಣ ಬಂದದ್ದು ಸರ್ಕಾರದಿಂದ. ಮೂಲನಿವಾಸಿಗಳನ್ನು ‘ನಾಗರಿಕ’ರನ್ನಾಗಿ ಮಾಡಲೆಂದು 1819ರ ಕಾಯಿದೆ ವರ್ಷಕ್ಕೆ 10,000 ಡಾಲರ್ ತೆಗೆದಿರಿಸಿತ್ತು, ಆ ಕೆಲಸವನ್ನು ಹೆಚ್ಚಾಗಿ ವಹಿಸಿಕೊಂಡವು ಮಿಷನ್‌ಗಳು. ವಾಯಂಡಾಟರಲ್ಲಿ ಅನೇಕರು ಸರ್ಕಾರ ಬಯಸಿದ್ದನ್ನೆಲ್ಲ ಮಾಡಿದರು. ಹೊಲ ಉತ್ತರು, ಮಕ್ಕಳನ್ನು ಶಾಲೆಗೆ ಕಳಿಸಿದರು, ಚರ್ಚಿನಲ್ಲಿ ಮೊಣಕಾಲೂರಿದರು. ಅವರ ನೆಲ ಉಳಿಯಲು ಇದಾವುದೂ ಸಾಕಾಗಲಿಲ್ಲ.

1830ರಲ್ಲಿ ಬುಡಕಟ್ಟುಗಳನ್ನು ಮಿಸಿಸಿಪಿಯ ಆಚೆಗೆ ಸಾಗಹಾಕುವ ಕಾಯಿದೆ ಬಂತು. ಸುತ್ತಲಿನ ಬಿಳಿಯರ ಒತ್ತಡ ವರ್ಷದಿಂದ ವರ್ಷಕ್ಕೆ ಏರಿತು. ವಾಯಂಡಾಟರ ಮುಖಂಡನೂ ಮೆಥಡಿಸ್ಟ್ ಭಕ್ತನೂ ಆಗಿದ್ದ ಸಮಂಡವಾಟ್ ಬಿಳಿಯರ ಕೈಯಲ್ಲಿ ಕೊಲೆಯಾದ. ಕೊನೆಗೆ 1842ರ ಮಾರ್ಚ್‌ನ ಒಪ್ಪಂದದಲ್ಲಿ ಒಹಾಯೊದ ಒಂದು ಲಕ್ಷಕ್ಕೂ ಮಿಕ್ಕಿದ ಎಕರೆಯನ್ನು ಅವರು ಬಿಟ್ಟುಕೊಟ್ಟರು. ಮರುತಿಂಗಳೇ ಆ ದಾರಿಯಲ್ಲಿ ಹಾದುಹೋದ ಇಂಗ್ಲಿಷ್ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್, ಒಪ್ಪಂದ ನಡೆಸಿದ ಅಧಿಕಾರಿಯನ್ನು ಕಂಡು ಮಾತಾಡಿದ್ದನ್ನು ತನ್ನ ಪ್ರವಾಸಕಥನದಲ್ಲಿ ದಾಖಲಿಸಿದ್ದಾನೆ.

ಒಹಾಯೊದಿಂದ ಹೊರಟ ಕೊನೆಯ ಬುಡಕಟ್ಟು ಇವರದೇ. 1843ರ ಜುಲೈನಲ್ಲಿ ಗಾಡಿ ಕಟ್ಟುವ ಮೊದಲು ಅವರು ಸ್ಟೀವರ್ಟ್ ಮತ್ತು ಸಮಂಡವಾಟ್‌ನ ಅವಶೇಷಗಳನ್ನು ತಂದು ಚರ್ಚಿನ ಅಂಗಳದಲ್ಲಿ ಮಣ್ಣು ಮಾಡಿದರು. ಆ ಚರ್ಚನ್ನೂ ಗೋರಿಗಳ ನೆಲವನ್ನೂ ಮೆಥಡಿಸ್ಟ್ ಸಭೆಯ ಹೆಸರಿಗೆ ಬರೆದುಕೊಟ್ಟರು. ಹಿರಿಯರು ಮಲಗಿದ ಜಾಗದ ಮೇಲೆ ಇನ್ನೊಬ್ಬರ ನೇಗಿಲು ಹರಿಯಬಾರದು ಎಂಬುದೊಂದೇ ಅವರ ಕಳಕಳಿ.

ಅವರು ಹೋಗಿ ಸೇರಿದ ಕ್ಯಾನ್ಸಸ್‌ನಲ್ಲಿ ಅವರಿಗಾಗಿ ಸಿದ್ಧವಾಗಿದ್ದ ನೆಲವೇ ಇರಲಿಲ್ಲ. ನದಿಯಂಚಿನ ತಗ್ಗಿನಲ್ಲಿ ಬೀಡುಬಿಟ್ಟವರು ರೋಗಕ್ಕೆ ತುತ್ತಾದರು. ಸುಮಾರು 660 ಜನರಲ್ಲಿ ನೂರರ ಆಸುಪಾಸು ಮಂದಿ ಮೊದಲ ವರ್ಷದೊಳಗೇ ತೀರಿಕೊಂಡರು. ಅವರನ್ನು ಹೂಳಿದ ಸ್ಮಶಾನದ ಸುತ್ತ ಮುಂದೆ ಕ್ಯಾನ್ಸಸ್ ಸಿಟಿ ಬೆಳೆಯಿತು. 1906ರಲ್ಲಿ ಅಮೆರಿಕದ ಸಂಸತ್ತು ಆ ಸ್ಮಶಾನದ ಮಾರಾಟಕ್ಕೂ ಅನುಮತಿ ಕೊಟ್ಟಿತು! ವಾಯಂಡಾಟ್ ಮೂಲದ ವಕೀಲೆ ಲೈಡಾ ಕಾನ್ಲಿ ತನ್ನ ಸೋದರಿಯರೊಂದಿಗೆ ಗೋರಿಗಳ ನಡುವೆಯೇ ಗುಡಿಸಲು ಹಾಕಿ ಕಾವಲು ಕೂತಳು, ಸುಪ್ರೀಂ ಕೋರ್ಟಿನಲ್ಲಿ ತಾನೇ ವಾದಿಸಿದಳು. ಕೇಸು ಸೋತಳು, ಆದರೆ 1913ರಲ್ಲಿ ಸಂಸತ್ತು ಆ ಅನುಮತಿಯನ್ನು ಹಿಂತೆಗೆದುಕೊಂಡಿತು. ಈ ಹೊತ್ತಿಗೆ ಬುಡಕಟ್ಟಿನ ದೊಡ್ಡ ಪಾಲು ಮತ್ತೊಮ್ಮೆ ಗುಳೆ ಹೊರಟು ಒಕ್ಲಹೋಮಾ ಸೇರಿಯಾಗಿತ್ತು.

ಒಹಾಯೊದಲ್ಲಿ ಸಭೆಗೆ ಬರೆದುಕೊಟ್ಟಿದ್ದ ಮೂರು ಎಕರೆಗೆ ಆ ಗತಿ ಬರಲಿಲ್ಲ. ಪಾಳುಬಿದ್ದ ಚರ್ಚನ್ನು 1889ರಲ್ಲಿ ಸಭೆ ಮತ್ತೆ ಕಟ್ಟಿ ನಿಲ್ಲಿಸಿತು. ನಂಬಿ ಕೊಟ್ಟದ್ದನ್ನು ಜೋಪಾನ ಮಾಡಿದ ಶ್ರೇಯ ಮೆಥಡಿಸ್ಟರಿಗೆ ಸಲ್ಲಲೇಬೇಕು.

ಇದೇ ಸಭೆಯ ಚರಿತ್ರೆಯಲ್ಲಿ ನೆತ್ತರಿನ ಪುಟವೂ ಇದೆ. 1864ರ ನವೆಂಬರ್ 29ರಂದು ಕೊಲರಾಡೊದ ಸ್ಯಾಂಡ್ ಕ್ರೀಕ್‌ನಲ್ಲಿ, ತಮಗೆ ಸೈನ್ಯದ ರಕ್ಷಣೆಯಿದೆ ಎಂದು ನಂಬಿ ಬೀಡುಬಿಟ್ಟಿದ್ದ ಶಯನ್ ಮತ್ತು ಅರಾಪಹೊ ಬುಡಕಟ್ಟುಗಳ ಜನರ ಮೇಲೆ ಪಡೆ ನುಗ್ಗಿಸಿದ ಕರ್ನಲ್ ಜಾನ್ ಚಿವಿಂಗ್ಟನ್ ದೀಕ್ಷೆ ಪಡೆದ ಮೆಥಡಿಸ್ಟ್ ಬೋಧಕನಾಗಿದ್ದ. ಇನ್ನೂರಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು. ಸಭೆ ಇದಕ್ಕಾಗಿ 1996ರಲ್ಲಿ ಕ್ಷಮೆ ಕೇಳಿತು. 2012ರ ಮಹಾಸಮ್ಮೇಳನದಲ್ಲಿ ಮೂಲನಿವಾಸಿಗಳ ಮುಂದೆ ಪಶ್ಚಾತ್ತಾಪದ ಆರಾಧನೆ ನಡೆಸಿತು.

ಅಷ್ಟು ಹೇಳಿಯೂ ನೆಲ ಮಾತ್ರ ಸಭೆಯ ಹೆಸರಿನಲ್ಲೇ ಇತ್ತು. 2019ರ ಸೆಪ್ಟೆಂಬರ್ 21ರಂದು, ಮೆಥಡಿಸ್ಟರ ಮಿಷನ್ ಸಂಸ್ಥೆ 1819ರಲ್ಲಿ ಸ್ಥಾಪನೆಯಾಗಿ ಇನ್ನೂರು ವರ್ಷವಾದ ನೆನಪಿನಲ್ಲಿ, ಯುನೈಟೆಡ್ ಮೆಥಡಿಸ್ಟ್ ಸಭೆ ಆ ಮೂರು ಎಕರೆಯ ಹಕ್ಕುಪತ್ರವನ್ನು ವಾಯಂಡಾಟ್ ರಾಷ್ಟ್ರದ ಕೈಗೆ ಒಪ್ಪಿಸಿತು. ಬರೆದುಕೊಟ್ಟು ಆಗ 176 ವರ್ಷ. ಒಕ್ಲಹೋಮಾದಿಂದ ಬಂದ ವಾಯಂಡಾಟರು ತಮ್ಮ ಹಿರಿಯರ ಗೋರಿಗಳ ನಡುವೆ ಆ ನೆಲದ ಒಡೆಯರಾಗಿ ನಿಂತರು.

ಲಕ್ಷ ಎಕರೆ ಕಳೆದುಕೊಂಡವರಿಗೆ ಮೂರು ಎಕರೆ ಎಷ್ಟರದು ಎಂದು ಕೇಳಬಹುದು, ಕೇಳಲೂ ಬೇಕು. ಆ ಲಕ್ಷ ಎಕರೆಯನ್ನು ತೆಗೆದುಕೊಂಡದ್ದು ಸರ್ಕಾರ.  ತನ್ನ ಕೈಯಲ್ಲಿದ್ದುದನ್ನು ಸಭೆ ತಡವಾಗಿಯಾದರೂ ಹಿಂತಿರುಗಿಸಿತು, ಕ್ಷಮೆಯ ಮಾತಿಗೆ ತೂಕ ಬಂದದ್ದು ಆಗಲೇ. 2017ರಲ್ಲಿ ದಕ್ಷಿಣ ಡಕೋಟಾದ ಜೆಸ್ವಿಟ್ ಕ್ಯಾಥೊಲಿಕ್ ಪಾದ್ರಿಗಳೂ ರೋಸ್‌ಬಡ್ ಸೂ ಬುಡಕಟ್ಟಿನ ಜನರಿಗೆ ಸುಮಾರು 500 ಎಕರೆ ಮರಳಿಸಲು ಮುಂದಾದರು. ಉಳಿದ ಸಭೆಗಳೂ ತಮ್ಮ ಹಳೆಯ ದಸ್ತಾವೇಜುಗಳನ್ನು ತೆಗೆದು, ಯಾವ ನೆಲ ಯಾರಿಂದ ಬಂತು ಎಂದು ನೋಡಲಿ.