ಹೊತ್ತು ಮುಳುಗಿದ ಮೇಲಿನ ದುಡಿಮೆ

ಮುಂಬಯಿಯ ಹತ್ತಿ ಗಿರಣಿಗಳಲ್ಲಿ 1880ರ ದಶಕದಲ್ಲಿ ದುಡಿಮೆಯ ಹೊತ್ತನ್ನು ಗೊತ್ತುಮಾಡುತ್ತಿದ್ದವನು ಸೂರ್ಯ. ಬೆಳಕು ಹರಿಯುತ್ತಲೇ ಯಂತ್ರ ತಿರುಗುತ್ತಿತ್ತು, ನೂಲಿನ ಎಳೆ ಕಣ್ಣಿಗೆ ಕಾಣದಷ್ಟು ಮಬ್ಬಾದಾಗ ನಿಲ್ಲುತ್ತಿತ್ತು. ಬೇಸಿಗೆಯಲ್ಲಿ ಹದಿಮೂರು ಗಂಟೆ ಮೀರುತ್ತಿದ್ದ ದಿನ ಚಳಿಗಾಲದಲ್ಲಿ ಹತ್ತು-ಹನ್ನೊಂದಕ್ಕೆ ಇಳಿಯುತ್ತಿತ್ತು. ಗಿರಣಿಗೆ ವಿದ್ಯುದ್ದೀಪ ಬಂದ ಮೇಲೆ ಈ ಲೆಕ್ಕ ತಪ್ಪಿತು. 1905ರ ಸುಮಾರಿಗೆ, ಬಟ್ಟೆಗೂ ನೂಲಿಗೂ ಒಳ್ಳೆಯ ಬೇಡಿಕೆಯಿದ್ದ ಕಾಲದಲ್ಲಿ, ಅದೇ ಗಿರಣಿಗಳು ದಿನಕ್ಕೆ ಹದಿನಾಲ್ಕು-ಹದಿನೈದು ಗಂಟೆ ನಡೆಯತೊಡಗಿದವು. ದೀಪ ಯಾರನ್ನೂ ದುಡಿಯೆಂದು ಒತ್ತಾಯಿಸಲಿಲ್ಲ ನಿಜ. ಆದರೆ ದುಡಿಸುವವನ ಕೈಯನ್ನು ಅಲ್ಲಿಯವರೆಗೆ ತಡೆದಿದ್ದ ಒಂದೇ ಒಂದು ಅಡ್ಡಿಯನ್ನು ಅದು ತೆಗೆದುಹಾಕಿತು. ಹೊಸ ಯಂತ್ರವೊಂದು ಪ್ರಕೃತಿ ಹಾಕಿದ್ದ ಗಡಿಯನ್ನು ಅಳಿಸಿದಾಗ ಆ ಜಾಗದಲ್ಲಿ ಮನುಷ್ಯರು ಒಟ್ಟಾಗಿ, ಕಾನೂನಿನ ಬಲದಿಂದ ಇನ್ನೊಂದು ಗಡಿ ಹಾಕದಿದ್ದರೆ ದುಡಿಮೆ ಹಿಗ್ಗುತ್ತಲೇ ಹೋಗುತ್ತದೆ ಎಂಬುದು ನಮ್ಮ ಕೈಗಾರಿಕೆಯ ಚರಿತ್ರೆಯಿಂದ ನನಗೆ ಸ್ಪಷ್ಟವಾಗುವ ಮಾತು. ಮೊಬೈಲು, ಲ್ಯಾಪ್‌ಟಾಪುಗಳ ನಡುವೆ ನೆಮ್ಮದಿ ಹುಡುಕುತ್ತಿರುವ ನಮಗೆ ಈ ಚರಿತ್ರೆ ಹಳತಾಗಿಲ್ಲ.

ಹಿಂದಿನ ಬದುಕು ಸುಖದ್ದಾಗಿತ್ತೆಂದು ಇದರ ಅರ್ಥವಲ್ಲ. ಹೊಲದಲ್ಲಿ ದುಡಿದವರಿಗೆ, ಅದರಲ್ಲೂ ಜೀತಕ್ಕಿದ್ದವರಿಗೆ, ವಿರಾಮವನ್ನು ಯಾರೂ ಕೊಟ್ಟಿರಲಿಲ್ಲ. ನೀರು ಹೊತ್ತು, ರಾಗಿ ಬೀಸಿ, ಮಕ್ಕಳನ್ನು ಸಾಕಿದ ಹೆಂಗಸರ ದುಡಿಮೆಗೆ ಹಗಲು-ರಾತ್ರಿಯ ಗಡಿಯೂ ಇರಲಿಲ್ಲ. ಆದರೂ ರೈತಾಪಿ ಬದುಕು ತನ್ನೊಳಗೆ ಕೆಲವು ನಿಲುಗಡೆಗಳನ್ನು ಕಟ್ಟಿಕೊಂಡಿತ್ತು. ಕರ್ನಾಟಕದ ಬಹಳ ಊರುಗಳಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅಮಾವಾಸ್ಯೆಯ ದಿನ ನೇಕಾರರ ಮಗ್ಗ ನಿಲ್ಲುವುದುಂಟು. ಈ ಬಿಡುವನ್ನು ಯಾರೂ ಒಬ್ಬಂಟಿಯಾಗಿ ಆರಿಸಿಕೊಳ್ಳಬೇಕಿರಲಿಲ್ಲ. ಊರಿಗೆ ಊರೇ ಒಟ್ಟಿಗೆ ನಿಲ್ಲುತ್ತಿದ್ದುದರಿಂದ ನಿಂತವನು ಸೋಮಾರಿ ಎನಿಸಿಕೊಳ್ಳುತ್ತಿರಲಿಲ್ಲ, ಅವನ ಪಾಲಿನ ಕೆಲಸವನ್ನು ಪಕ್ಕದವನು ಕಸಿದುಕೊಳ್ಳುವಂತೆಯೂ ಇರಲಿಲ್ಲ. ಗಿರಣಿಯ ಭೋಂಗಾ ಈ ವಾರ-ತಿಥಿಗಳನ್ನು ಕೇಳಲಿಲ್ಲ.

ಹಾಗೆ ಕಳೆದುಹೋದ ನಿಲುಗಡೆಯನ್ನು ಮತ್ತೆ ಕಟ್ಟಲು ಹೊರಟವರಲ್ಲಿ ಮೊದಲು ನೆನೆಯಬೇಕಾದವರು ನಾರಾಯಣ ಮೇಘಾಜಿ ಲೋಖಂಡೆ. ಜೋತಿಬಾ ಫುಲೆಯವರ ಸತ್ಯಶೋಧಕ ಸಮಾಜದ ಈ ಕಾರ್ಯಕರ್ತ 'ದೀನಬಂಧು' ಪತ್ರಿಕೆಯ ಸಂಪಾದಕರೂ ಆಗಿದ್ದರು. 1884ರ ಸೆಪ್ಟೆಂಬರಿನಲ್ಲಿ ಅವರು ಸೇರಿಸಿದ ಸಭೆಗಳಿಂದ ಹೊರಟ ಮನವಿಗೆ ಸುಮಾರು 5,500 ಕೆಲಸಗಾರರು ಸಹಿ ಹಾಕಿದರು. ಭಾನುವಾರ ರಜೆ, ಮಧ್ಯಾಹ್ನ ಅರ್ಧ ಗಂಟೆ ಬಿಡುವು, ಬೆಳಗಿನ ಆರೂವರೆಗೆ ಶುರುವಾದ ಕೆಲಸ ಸೂರ್ಯಾಸ್ತಕ್ಕೆ ಮುಗಿಯಬೇಕು, ಗಾಯಗೊಂಡವರಿಗೆ ಪರಿಹಾರ ಸಿಗಬೇಕು ಎಂಬುವು ಅದರ ಬೇಡಿಕೆಗಳು. ಭಾನುವಾರವೇ ಏಕೆ ಎಂದರೆ ಅದು ಖಂಡೋಬನ ವಾರ ಎಂದು ಲೋಖಂಡೆ ವಾದಿಸಿದರು. ಜೇಜೂರಿಯ ಆ ಖಂಡೋಬ ನಮ್ಮ ಮೈಲಾರಲಿಂಗನೇ. ಕ್ರೈಸ್ತ ಆಳರಸರ ವಿಶ್ರಾಂತಿಯ ದಿನವನ್ನು ದಕ್ಖನ್ನಿನ ಕುರುಬರ, ಒಕ್ಕಲಿಗರ ದೇವರ ದಿನವಾಗಿ ಮುಂದಿಟ್ಟದ್ದು ಜಾಣತನದ ವಾದವಷ್ಟೇ ಆಗಿರಲಿಲ್ಲ. ಹಳ್ಳಿಯಿಂದ ಬಂದ ಜನರ ಹಳೆಯ ಸಾಮೂಹಿಕ ಬಿಡುವನ್ನು ನಗರದ ಗಿರಣಿಯೊಳಗೆ ಮತ್ತೆ ನೆಡುವ ಪ್ರಯತ್ನ ಅದು. 1890ರ ಏಪ್ರಿಲಿನಲ್ಲಿ ಮುಂಬಯಿಯಲ್ಲಿ ಸುಮಾರು ಹತ್ತು ಸಾವಿರ ಕೆಲಸಗಾರರು ಸಭೆ ಸೇರಿದರು, ಅಲ್ಲಿ ಹೆಂಗಸರೂ ಎದ್ದು ಮಾತಾಡಿದರು. ಜೂನ್ 10ರಂದು ಗಿರಣಿ ಮಾಲೀಕರ ಸಂಘ ವಾರದ ರಜೆಗೆ ಒಪ್ಪಿತು. ಮರುವರ್ಷದ ಕಾರ್ಖಾನೆ ಕಾಯಿದೆ ವಾರದ ರಜೆಯನ್ನೂ ನಡುಮಧ್ಯಾಹ್ನದ ಬಿಡುವನ್ನೂ ನಿಯಮ ಮಾಡಿತು. ಗೋಕಾಕ ಫಾಲ್ಸ್‌ನಲ್ಲಿ ಘಟಪ್ರಭೆಯ ನೀರಿನ ಬಲದಿಂದ ನಡೆಯುತ್ತಿದ್ದ ಗಿರಣಿಯೂ ಅಂದು ಮುಂಬಯಿ ಪ್ರಾಂತ್ಯದಲ್ಲೇ ಇದ್ದುದರಿಂದ ಅಲ್ಲಿನ ಕನ್ನಡದ ಕೆಲಸಗಾರರಿಗೂ ಅನ್ವಯಿಸುತ್ತಿದ್ದದ್ದು ಇದೇ ಕಾಯಿದೆ. ಆದರೆ 1891ರ ಕಾಯಿದೆ ಹೆಂಗಸರಿಗೆ 11 ಗಂಟೆ, ಮಕ್ಕಳಿಗೆ 7 ಗಂಟೆ ಎಂದು ಹೇಳಿ ವಯಸ್ಕ ಗಂಡಸರ ವಿಷಯದಲ್ಲಿ ಸುಮ್ಮನಾಯಿತು. ಮುಂದೆ ವಿದ್ಯುದ್ದೀಪ ನುಗ್ಗಿದ್ದು ಈ ಸಂದಿನಲ್ಲೇ.

1905ರ ಹೊತ್ತಿಗೆ ಅತಿ ದುಡಿಮೆಯ ವಿರುದ್ಧ ಪತ್ರಿಕೆಗಳು ಬರೆದವು, ಕೆಲಸಗಾರರು ಬೀದಿಗಿಳಿದರು, ಸರ್ಕಾರ ಮೊದಲು ಒಂದು ಸಮಿತಿಯನ್ನೂ ಆಮೇಲೆ ಒಂದು ಆಯೋಗವನ್ನೂ ನೇಮಿಸಿತು. ಆ ಆಯೋಗದ ಮುಂದೆ ಬಂದ ಆಕ್ಷೇಪಗಳು ಇಂದಿಗೂ ಕೇಳಿಬರುವಂಥವು. ನಮ್ಮ ಕೆಲಸಗಾರ ಹದಿನಾಲ್ಕು ಗಂಟೆ ಗಿರಣಿಯಲ್ಲಿದ್ದರೂ ಅಷ್ಟು ಹೊತ್ತೂ ದುಡಿಯುವುದಿಲ್ಲ, ಬೀಡಿ ಸೇದಲು, ಊಟಕ್ಕೆ, ಹರಟೆಗೆ ಹೊರಗೆ ಹೋಗುತ್ತಲೇ ಇರುತ್ತಾನೆ ಎಂದರು ಮಾಲೀಕರು. ವಯಸ್ಕ ಗಂಡಸು ತನ್ನ ದುಡಿಮೆಯನ್ನು ತಾನೇ ನಿರ್ಧರಿಸಲಿ, ಅದರಲ್ಲಿ ಸರ್ಕಾರ ಕೈಹಾಕಬಾರದು ಎಂಬ ಕಡೆಗೆ ಆಯೋಗದ ಬಹುಮತವೂ ವಾಲಿತು. ಆಯೋಗದಲ್ಲೇ ಇದ್ದ ಮದರಾಸಿನ ವೈದ್ಯ ಟಿ. ಎಂ. ನಾಯರ್ ಒಪ್ಪಲಿಲ್ಲ. ಗಂಡಸರ ದುಡಿಮೆಗೂ ನೇರವಾಗಿ ಮಿತಿ ಬೇಕೆಂದು ಅವರು ಭಿನ್ನಮತದ ಟಿಪ್ಪಣಿ ಬರೆದರು. ಮಾಲೀಕರ ಮಾತಿನಲ್ಲಿ ಸ್ವಲ್ಪ ನಿಜವಿತ್ತು ಎಂದೇ ಇಟ್ಟುಕೊಳ್ಳೋಣ. ಆದರೆ ಹದಿನಾಲ್ಕು ಗಂಟೆ ಎಡೆಬಿಡದೆ ದುಡಿಯಲಾರದ ದೇಹ ನಡುನಡುವೆ ಕದ್ದು ಉಸಿರೆಳೆದುಕೊಳ್ಳುತ್ತಿತ್ತು ಎಂಬುದೇ ಆ ಅವಧಿ ಮನುಷ್ಯನಿಗೆ ಹೆಚ್ಚಾಯಿತೆಂಬುದಕ್ಕೆ ಸಾಕ್ಷಿ. ಕದ್ದ ಬಿಡುವಿನಲ್ಲಿ ದಣಿವು ಆರುವುದಿಲ್ಲ, ಮಕ್ಕಳ ಮುಖವನ್ನೂ ನೋಡಲಾಗುವುದಿಲ್ಲ. ಕೊನೆಗೆ 1911ರ ಕಾಯಿದೆ ಜವಳಿ ಗಿರಣಿಗಳಲ್ಲಿ ಗಂಡಸರಿಗೂ 12 ಗಂಟೆಯ ಮಿತಿ ಹಾಕಿತು. ಒಪ್ಪಿಗೆ ಪಡೆದ ಪಾಳಿ ಪದ್ಧತಿ ಇಲ್ಲದ ಕಡೆ ಬೆಳಗಿನ ಐದೂವರೆಗೆ ಮೊದಲು, ಸಂಜೆ ಏಳರ ನಂತರ ಯಾರನ್ನೂ ದುಡಿಸುವಂತಿಲ್ಲ ಎಂದಿತು. ದೀಪ ಅಳಿಸಿದ ಸಂಜೆಯನ್ನು ಕಾನೂನು ಮತ್ತೆ ಬರೆದುಕೊಟ್ಟಿತು.

ಈ ಕಾಯಿದೆಗಳ ಹಿಂದೆ ಲ್ಯಾಂಕಷೈರಿನ ಗಿರಣಿ ಮಾಲೀಕರ ಸ್ವಾರ್ಥವಿತ್ತು, ಭಾರತದ ಪೈಪೋಟಿಯನ್ನು ಕುಗ್ಗಿಸಲು ಅವರು ಒತ್ತಡ ತಂದರು ಎಂಬುದು ಇನ್ನೊಂದು ಆಕ್ಷೇಪ. ಅದು ಸತ್ಯವೇ. ಅಂದಿನ ರಾಷ್ಟ್ರೀಯವಾದಿ ಪತ್ರಿಕೆಗಳಲ್ಲಿ ಹಲವು ಇದೇ ಕಾರಣಕ್ಕೆ ಕಾಯಿದೆಯನ್ನು ವಿರೋಧಿಸಿದವು. ಆದರೆ 5,500 ಸಹಿಗಳನ್ನು ಹಾಕಿದವರು ಮ್ಯಾಂಚೆಸ್ಟರಿನವರಲ್ಲ. ದೂರದ ವ್ಯಾಪಾರಿಗೆ ಲಾಭವಾಗುತ್ತದೆಂದು ಹತ್ತಿರದ ಕೆಲಸಗಾರನ ದಣಿವು ಸುಳ್ಳಾಗುವುದಿಲ್ಲ. ದೇಶದ ಏಳಿಗೆಯ ಹೆಸರಿನಲ್ಲಿ ಹೆಚ್ಚು ಗಂಟೆ ದುಡಿಯಿರಿ ಎಂಬ ಕರೆ ಈಗಲೂ ದೊಡ್ಡ ಉದ್ಯಮಿಗಳಿಂದ ಬರುತ್ತಿರುವುದರಿಂದ ಈ ಮಾತನ್ನು ಒತ್ತಿ ಹೇಳಬೇಕಾಗಿದೆ.

ತಂತ್ರಜ್ಞಾನವನ್ನೇ ದೂರುವುದೂ ಸರಿಯಲ್ಲ, ಕೋಲಾರದ ಚಿನ್ನದ ಗಣಿಯೇ ಇದಕ್ಕೆ ಉದಾಹರಣೆ. ಶಿವನಸಮುದ್ರದಲ್ಲಿ ಕಾವೇರಿಯಿಂದ ಉತ್ಪಾದಿಸಿದ ವಿದ್ಯುತ್ತು 1902ರ ಜೂನ್ 30ರಂದು ಸುಮಾರು 148 ಕಿಲೋಮೀಟರ್ ದೂರದ ಕೆಜಿಎಫ್ ಮುಟ್ಟಿತು. ಬೆಂಗಳೂರಿನ ಬೀದಿಗಳಿಗೆ ಅದೇ ವಿದ್ಯುತ್ತಿನ ದೀಪ ಸಿಕ್ಕಿದ್ದು ಮೂರು ವರ್ಷದ ನಂತರ, 1905ರ ಆಗಸ್ಟಿನಲ್ಲಿ. ಊರಿನ ಜನರಿಗಿಂತ ಮೊದಲು ಕಂಪನಿಯ ಚಿನ್ನಕ್ಕೆ ಬೆಳಕು ಸಿಕ್ಕಿತು. ವಿದ್ಯುತ್ತಿನಿಂದ ಗಣಿಯೊಳಗೆ ಗಾಳಿಯೂ ಬಂತು, ನೀರೂ ಹೊರಹೋಯಿತು, ಅಷ್ಟರಮಟ್ಟಿಗೆ ಕೆಲಸಗಾರನಿಗೆ ಉಪಕಾರವೇ. ಆದರೆ ಅದೇ ಬಲದಿಂದ ಗಣಿ ಇನ್ನಷ್ಟು ಆಳಕ್ಕೆ ಇಳಿಯಿತು. ಕೊನೆಗೆ ಮೂರು ಕಿಲೋಮೀಟರ್ ಮೀರಿದ ಆ ಆಳದಲ್ಲಿ ಬಂಡೆಯ ಕಾವು, ಕಲ್ಲು ಸಿಡಿಯುವ ಅಪಾಯ, ಶ್ವಾಸಕೋಶ ತಿನ್ನುವ ಸಿಲಿಕೋಸಿಸ್ ಎಲ್ಲವೂ ಕಾದಿದ್ದವು. ಯಂತ್ರ ಕೊಟ್ಟ ಅನುಕೂಲವನ್ನು ಕೆಲಸಗಾರನ ನೆಮ್ಮದಿಗೆ ಖರ್ಚು ಮಾಡಬೇಕೋ, ಉತ್ಪಾದನೆ ಏರಿಸಲು ಬಳಸಬೇಕೋ ಎಂಬ ತೀರ್ಮಾನವನ್ನು ಯಂತ್ರ ಮಾಡುವುದಿಲ್ಲ. ತೀರ್ಮಾನಿಸುವ ಜಾಗದಲ್ಲಿ ಯಾರು ಕೂತಿದ್ದಾರೆ ಎಂಬುದರ ಮೇಲೆ ಅದು ನಿಂತಿರುತ್ತದೆ.

ಮುಂದಿನ ದಾರಿ ನಿಧಾನದ್ದು. 1922ರಲ್ಲಿ ದಿನಕ್ಕೆ 11, ವಾರಕ್ಕೆ 60 ಗಂಟೆ, 1934ರಲ್ಲಿ ವರ್ಷವಿಡೀ ನಡೆಯುವ ಕಾರ್ಖಾನೆಗಳಲ್ಲಿ 10 ಮತ್ತು 54, ಡಾ. ಅಂಬೇಡ್ಕರ್ ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡಿಕೊಳ್ಳುತ್ತಿದ್ದ ಕಾಲದ ಪ್ರಯತ್ನದಿಂದ 1946ರಲ್ಲಿ ವಾರಕ್ಕೆ 48. ಸ್ವತಂತ್ರ ಭಾರತದ 1948ರ ಕಾಯಿದೆ ಅದನ್ನೇ ಉಳಿಸಿಕೊಂಡಿತು. ಲೋಖಂಡೆಯವರ ಮನವಿಯಿಂದ ಇಲ್ಲಿಗೆ ಅರವತ್ತು ವರ್ಷಕ್ಕೂ ಹೆಚ್ಚು. ಇಷ್ಟು ಕಷ್ಟದಿಂದ ಇಳಿದ ಅಂಕಿಗಳು ನಮ್ಮ ಕಣ್ಣೆದುರೇ ಮೇಲೇರತೊಡಗಿವೆ. 2020ರ ಮೇ ತಿಂಗಳಲ್ಲಿ ಕೊರೊನಾ ನೆಪದಲ್ಲಿ ಕರ್ನಾಟಕ ಸರ್ಕಾರ ಕಾರ್ಖಾನೆಗಳಿಗೆ ದಿನಕ್ಕೆ 10, ವಾರಕ್ಕೆ 60 ಗಂಟೆ ಎಂಬ ಅಧಿಸೂಚನೆ ಹೊರಡಿಸಿತು. ವಾರದ ಲೆಕ್ಕದಲ್ಲಿ ಇದು 1922ರ ಅಂಕಿಯೇ. ವಿಷಯ ಹೈಕೋರ್ಟಿಗೆ ಹೋದ ಮೇಲೆ ಜೂನಿನಲ್ಲಿ ಅದನ್ನು ಹಿಂತೆಗೆದುಕೊಂಡಿತು. 2023ರಲ್ಲಿ ವಿಧಾನಮಂಡಲ ಒಪ್ಪಿದ ತಿದ್ದುಪಡಿ ದಿನದ ಮಿತಿಯನ್ನು 12 ಗಂಟೆಯವರೆಗೆ ಏರಿಸಲು ದಾರಿ ಮಾಡಿತು. ವಾರಕ್ಕೆ 48 ಎಂಬ ಮಿತಿ ಉಳಿದಿದೆ ಎಂಬುದನ್ನು ಮರೆಮಾಚಬಾರದು, ಆದರೂ ದಿನದ ಲೆಕ್ಕ 1911ಕ್ಕೆ ಮರಳಿತು. 2024ರಲ್ಲಿ ಐಟಿ ಕ್ಷೇತ್ರದಲ್ಲಿ ದಿನಕ್ಕೆ 14 ಗಂಟೆ ದುಡಿಸಲು ಅವಕಾಶ ಕೊಡುವ ಪ್ರಸ್ತಾಪ ಬಂದಾಗ ನೌಕರರ ಸಂಘಟನೆ ಬಲವಾಗಿ ಪ್ರತಿಭಟಿಸಿತು.

ಐಟಿ ಕೆಲಸ ಗಿರಣಿಯ ಕೆಲಸದಂತಲ್ಲ, ಮನೆಯಿಂದ ದುಡಿಯಬಹುದು, ಮಗುವನ್ನು ಶಾಲೆಗೆ ಬಿಟ್ಟು ಬಂದು ಕೂರಬಹುದು, ಇಂಥ ಅನುಕೂಲಕ್ಕೆ ಕಾನೂನಿನ ಬೇಲಿ ಯಾಕೆ ಎಂದು ಕೇಳುವವರಿದ್ದಾರೆ. ಈ ಅನುಕೂಲ ನಿಜ, ತಾಯಂದಿರಿಗಂತೂ ದೊಡ್ಡದು. ಆದರೆ 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದು ಉಪಗ್ರಹದ ಮೂಲಕ ಅಮೆರಿಕಕ್ಕೆ ಕೆಲಸ ಕಳಿಸತೊಡಗಿದಾಗಲೇ ದುಡಿಮೆಯನ್ನು ತಡೆಯುತ್ತಿದ್ದ ಎರಡನೆಯ ಗಡಿ, ಅಂದರೆ ದೂರ, ಅಳಿಸಿತ್ತು. ಮೊಬೈಲ್ ಫೋನು ಗಿರಣಿಯ ಗೇಟನ್ನೇ ಅಳಿಸಿತು. ಹಳೆಯ ಕಾಯಿದೆಗಳು ಕೆಲಸಗಾರ ಗೇಟು ದಾಟಿದ ಹೊತ್ತನ್ನು ಎಣಿಸುತ್ತಿದ್ದವು. ರಾತ್ರಿ ಹತ್ತಕ್ಕೆ ಅಡುಗೆಮನೆಯಲ್ಲಿ ನಿಂತು ಮ್ಯಾನೇಜರನ ಸಂದೇಶಕ್ಕೆ ಉತ್ತರಿಸುವವರ ಹೊತ್ತು ಯಾವ ಹಾಜರಿ ಪುಸ್ತಕದಲ್ಲೂ ಇಲ್ಲ. ಫೋನು ಆರಿಸಿಡಿ, ಧ್ಯಾನ ಮಾಡಿ ಎಂದು ಅವರಿಗೆ ಹೇಳುವುದು ಒಳ್ಳೆಯ ಮನಸ್ಸಿನ ಸಲಹೆಯೇ ಇರಬಹುದು. ಆದರೆ ಪಕ್ಕದವನು ಉತ್ತರಿಸುತ್ತಿರುವಾಗ ತಾನೊಬ್ಬ ಫೋನು ಆರಿಸಿಟ್ಟವನಿಗೆ ಬಡ್ತಿ ತಪ್ಪುತ್ತದೆ. ವೈಯಕ್ತಿಕ ಸಂಯಮದಿಂದ ಹದಿನೈದು ಗಂಟೆಯ ಗಿರಣಿಯನ್ನು ನಿಲ್ಲಿಸಲಾಗದಿದ್ದದ್ದು ಇದೇ ಕಾರಣಕ್ಕೆ.

ಫ್ರಾನ್ಸಿನಲ್ಲಿ 2017ರ ಜನವರಿಯಿಂದ, ಐವತ್ತು ಅಥವಾ ಹೆಚ್ಚು ನೌಕರರಿರುವ ಕಂಪನಿಗಳು ಕೆಲಸದ ಹೊತ್ತಿನ ಆಚೆ ಸಂಪರ್ಕಕ್ಕೆ ಸಿಗದಿರುವ ಹಕ್ಕಿನ ಬಗ್ಗೆ ನೌಕರರೊಡನೆ ಮಾತುಕತೆ ನಡೆಸಬೇಕೆಂಬ ಕಾನೂನಿದೆ. ನಮ್ಮ ಲೋಕಸಭೆಯಲ್ಲಿ ಇಂಥದೊಂದು ಖಾಸಗಿ ಮಸೂದೆಯನ್ನು ಸುಪ್ರಿಯಾ ಸುಳೆ ಮಂಡಿಸಿದ್ದುಂಟು. ಕರ್ನಾಟಕಕ್ಕೆ ತನ್ನದೇ ಆಧಾರವೂ ಇದೆ. 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆ ದಿನಕ್ಕೆ 9, ವಾರಕ್ಕೆ 48 ಗಂಟೆ, ವಾರಕ್ಕೊಂದು ರಜೆ ಎನ್ನುತ್ತದೆ. ಕೆಲಸದ ಹೊತ್ತಿನ ನಂತರ ಬರುವ ಕರೆ, ಸಂದೇಶಗಳಿಗೆ ಉತ್ತರಿಸುವುದೂ ದುಡಿಮೆಯೇ ಎಂಬ ಒಂದು ವಾಕ್ಯವನ್ನು ಅದಕ್ಕೆ ಸೇರಿಸುವಂತೆ ನೌಕರರ ಸಂಘಗಳು ಕೇಳಬೇಕು, ಶಾಸಕರು ಸದನದಲ್ಲಿ ಎತ್ತಬೇಕು, ಓದುಗರು ತಮ್ಮ ಶಾಸಕರಿಗೆ ಬರೆಯಬೇಕು.