ದಿ ಫೈಟಿಂಗ್ ಸಲಿವನ್ಸ್ (ಚಲನಚಿತ್ರ)

ದಿ ಫೈಟಿಂಗ್ ಸಲಿವನ್ಸ್ 1944ರಲ್ಲಿ ತೆರೆಕಂಡ ಅಮೆರಿಕದ ಕಪ್ಪು-ಬಿಳುಪು ಚಲನಚಿತ್ರ. ಎರಡನೆಯ ಮಹಾಯುದ್ಧದಲ್ಲಿ ಒಂದೇ ಹಡಗಿನಲ್ಲಿ ಸೇವೆ ಸಲ್ಲಿಸಿ ಮಡಿದ ಐವರು ಸಹೋದರರ ನಿಜಜೀವನವನ್ನು ಆಧರಿಸಿದೆ. ಲಾಯ್ಡ್ ಬೇಕನ್ ನಿರ್ದೇಶಿಸಿದ ಈ ಚಿತ್ರವು ಮೊದಲು 'ದಿ ಸಲಿವನ್ಸ್' ಎಂಬ ಹೆಸರಿನಲ್ಲಿ ಬಿಡುಗಡೆಯಾಗಿತ್ತು. ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಸಂಸ್ಥೆಯು ಇದನ್ನು ವಿತರಿಸಿತು.

ಕಥಾಸಾರಾಂಶ

ಯುದ್ಧಚಿತ್ರವೆನಿಸಿದರೂ ಕಥೆಯ ಬಹುಭಾಗ ನಡೆಯುವುದು ಅಯೋವಾ ರಾಜ್ಯದ ವಾಟರ್ಲೂ ಪಟ್ಟಣದ ಮನೆಯೊಂದರಲ್ಲಿ. ರೈಲ್ವೆ ನೌಕರನಾದ ತಂದೆ ಪ್ರತಿದಿನ ರೈಲಿನಲ್ಲಿ ಕೆಲಸಕ್ಕೆ ಹೊರಟಾಗ ಮಕ್ಕಳು ಹಳಿಯ ಬದಿಯ ನೀರಿನ ತೊಟ್ಟಿಯನ್ನೇರಿ ಕೈಬೀಸುತ್ತಾರೆ. ಕಿರಿಯವನಾದ ಆಲ್ ಸದಾ ಅಣ್ಣಂದಿರ ಹಿಂದೆ ಓಡುವವನು. ಮುಂದೆ ಅವನು ಕ್ಯಾಥರೀನ್ ಮೇರಿಯನ್ನು ವಿವಾಹವಾಗಿ ತಂದೆಯಾಗುತ್ತಾನೆ. ಪರ್ಲ್ ಹಾರ್ಬರ್ ದಾಳಿಯ ಬಳಿಕ ಅಣ್ಣಂದಿರು ನೌಕಾಪಡೆಗೆ ಸೇರಲು ಹೊರಟಾಗ, ಹೆಂಡತಿಯ ಸಮ್ಮತಿ ಪಡೆದು ಅವನೂ ಜೊತೆಗೂಡುತ್ತಾನೆ. ಐವರೂ ಮಡಿದ ಸುದ್ದಿ ಬಂದ ದಿನವೂ ತಂದೆ ಕೆಲಸಕ್ಕೆ ಹೊರಡುತ್ತಾನೆ. ರೈಲು ಬರಿದಾದ ನೀರಿನ ತೊಟ್ಟಿಯನ್ನು ಹಾದುಹೋಗುವಾಗ ಅದಕ್ಕೆ ವಂದಿಸುತ್ತಾನೆ.

ಪಾತ್ರವರ್ಗ

ಥಾಮಸ್ ಮಿಚೆಲ್ (ತಂದೆ), ಸೆಲೀನಾ ರಾಯ್ಲ್ (ತಾಯಿ), ಆನ್ ಬ್ಯಾಕ್ಸ್ಟರ್ (ಕ್ಯಾಥರೀನ್ ಮೇರಿ), ಎಡ್ವರ್ಡ್ ರಯಾನ್ (ಆಲ್), ಬಾಬ್ಬಿ ಡ್ರಿಸ್ಕಾಲ್ (ಬಾಲಕ ಆಲ್), ವಾರ್ಡ್ ಬಾಂಡ್ (ನೌಕಾಧಿಕಾರಿ).

ಐತಿಹಾಸಿಕ ಹಿನ್ನೆಲೆ

ಜಾರ್ಜ್, ಫ್ರ್ಯಾಂಕ್, ಜೋ, ಮ್ಯಾಟ್ ಮತ್ತು ಆಲ್ ತಮ್ಮನ್ನು ಬೇರ್ಪಡಿಸಬಾರದೆಂಬ ಷರತ್ತಿನೊಡನೆ ಜನವರಿ 1942ರಲ್ಲಿ ನೌಕಾಪಡೆಗೆ ಸೇರಿದರು. ಅವರಿದ್ದ ಜೂನೋ ಎಂಬ ಕ್ರೂಸರ್ ನೌಕೆಯು ಗ್ವಾಡಲ್‌ಕನಾಲ್ ಕದನದಲ್ಲಿ ಹಾನಿಗೊಂಡು ಹಿಂದಿರುಗುತ್ತಿದ್ದಾಗ, 1942ರ ನವೆಂಬರ್ 13ರಂದು ಜಪಾನಿನ ಜಲಾಂತರ್ಗಾಮಿಯ ಟಾರ್ಪಿಡೊ ತಗುಲಿ ಸ್ಫೋಟಿಸಿತು.

ಚಿತ್ರದಲ್ಲಿ, ಗಾಯಗೊಂಡ ಜಾರ್ಜನನ್ನು ಬಿಟ್ಟುಹೋಗಲೊಪ್ಪದ ತಮ್ಮಂದಿರು ಅವನೊಡನೆಯೇ ಒಂದೇ ಕ್ಷಣದಲ್ಲಿ ಸಾಯುತ್ತಾರೆ. ವಾಸ್ತವವು ಇದಕ್ಕಿಂತ ಕಠೋರವಾಗಿತ್ತು. ಸ್ಫೋಟದ ನಂತರ ಸುಮಾರು 100 ನಾವಿಕರು ಜೀವಂತರಾಗಿದ್ದರು. ರಕ್ಷಣಾಕಾರ್ಯವು ಹಲವು ದಿನ ತಡವಾದ ಕಾರಣ ಅವರಲ್ಲಿ 10 ಮಂದಿ ಮಾತ್ರ ಬದುಕುಳಿದರು. ಜಾರ್ಜ್ ಕೆಲವು ದಿನ ತೆಪ್ಪದ ಮೇಲಿದ್ದು ಬಳಿಕ ಅಸುನೀಗಿದನು. ಯುದ್ಧವು ಇನ್ನೂ ನಡೆಯುತ್ತಿದ್ದಾಗಲೇ ತಯಾರಾದ ಚಿತ್ರದಲ್ಲಿ ಈ ವಿಳಂಬದ ಪ್ರಸ್ತಾಪವಿಲ್ಲ.

ಪ್ರಶಸ್ತಿ ಮತ್ತು ಪ್ರಭಾವ

ಎಡ್ವರ್ಡ್ ಡೊಹರ್ಟಿ ಮತ್ತು ಜೂಲ್ಸ್ ಶೆರ್ಮರ್ ಬರೆದ ಕಥೆಯು ಆಸ್ಕರ್ ಪ್ರಶಸ್ತಿಗೆ ನಾಮನಿರ್ದೇಶನಗೊಂಡಿತ್ತು. ಸಹೋದರರ ಸ್ಮರಣಾರ್ಥ 'ದಿ ಸಲಿವನ್ಸ್' ಎಂದು ಹೆಸರಿಸಲಾದ ಯುದ್ಧನೌಕೆಗೆ 1943ರ ಏಪ್ರಿಲ್‌ನಲ್ಲಿ ತಾಯಿ ಅಲೆಟಾ ಅವರೇ ಚಾಲನೆ ನೀಡಿದರು. ಅದು ಈಗ ನ್ಯೂಯಾರ್ಕ್ ರಾಜ್ಯದ ಬಫಲೋದಲ್ಲಿ ವಸ್ತುಸಂಗ್ರಹಾಲಯವಾಗಿದೆ. ಈ ದುರಂತದ ಬಳಿಕ ಸಹೋದರರು ಒಂದೇ ಹಡಗಿನಲ್ಲಿರುವುದನ್ನು ನಿಷೇಧಿಸುವ ಕಾನೂನು ಬಂದಿತೆಂಬ ನಂಬಿಕೆ ವ್ಯಾಪಕವಾಗಿದ್ದರೂ ಅದು ಸರಿಯಲ್ಲ. ಆದರೆ ಸೇವೆಯಲ್ಲಿ ಒಡಹುಟ್ಟಿದವರನ್ನು ಕಳೆದುಕೊಂಡ ಕುಟುಂಬದಲ್ಲಿ ಉಳಿದ ಏಕೈಕ ಮಗನಿಗೆ ಕಡ್ಡಾಯ ಸೈನಿಕ ಸೇವೆಯಿಂದ ವಿನಾಯಿತಿ ನೀಡುವ ನಿಯಮವು 1948ರಲ್ಲಿ ಜಾರಿಗೆ ಬಂದಿತು. ಜೂನೋ ನೌಕೆಯ ಅವಶೇಷಗಳು 2018ರ ಮಾರ್ಚ್‌ನಲ್ಲಿ ಸಾಲೊಮನ್ ದ್ವೀಪಗಳ ಸಮೀಪ ಪತ್ತೆಯಾದವು.